ಹಳಿಗೆ ಇಟ್ಟ ಹೆಸರು

‘ಶಿಂಕಾನ್ಸೆನ್’ ಎಂಬ ಜಪಾನಿ ಪದವನ್ನು ಬಿಡಿಸಿ ನೋಡಿ. ‘ಶಿನ್’ ಎಂದರೆ ಹೊಸ, ‘ಕಾನ್’ ಎಂದರೆ ಮುಖ್ಯ, ‘ಸೆನ್’ ಎಂದರೆ ಮಾರ್ಗ. ಅದು ಹಳಿಗೆ ಇಟ್ಟ ಹೆಸರು, ಗಾಡಿಯ ಮಾತೇ ಅದರಲ್ಲಿಲ್ಲ. ನಾವು ಮಾತ್ರ ಯಾವಾಗಲೂ ಗಾಡಿಯನ್ನೇ ನೋಡಿದವರು. ಕನ್ನಡದಲ್ಲಿ ಉಗಿಬಂಡಿ, ಹೊಗೆಬಂಡಿ ಎಂದೆವು. ನಾನಿರುವ ಠಾಣೆಯ ನೌಪಾಡಾದಲ್ಲಿ ಹಳಬರ ಮರಾಠಿ ಅದನ್ನು ‘ಆಗಗಾಡಿ’, ಬೆಂಕಿಯ ಗಾಡಿ ಎನ್ನುತ್ತದೆ. ಈಗ ಬುಲೆಟ್ ಟ್ರೈನ್. ಆದರೆ ಈ ಊರಿನ ರೈಲಿನ ಚರಿತ್ರೆಯನ್ನು ನೋಡಿದರೆ ಜಪಾನಿನವರ ಹೆಸರೇ ಹೆಚ್ಚು ನಿಜ ಅನ್ನಿಸುತ್ತದೆ.

1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ದೇಶದ ಮೊದಲ ಪ್ರಯಾಣಿಕರ ರೈಲು 34 ಕಿಲೋಮೀಟರ್ ಓಡಿ ಬಂದು ನಿಂತದ್ದು ಠಾಣೆಯಲ್ಲಿ. ಸಾಹಿಬ್, ಸಿಂಧ್, ಸುಲ್ತಾನ್ ಎಂಬ ಮೂರು ಎಂಜಿನ್‌ಗಳ ಹೆಸರು ಶಾಲೆಯ ಮಕ್ಕಳಿಗೂ ಗೊತ್ತು. ಆ ದಿನ ನಿಜವಾಗಿ ಉಳಿದುಕೊಂಡದ್ದು ಎರಡು ಹಳಿಗಳ ನಡುವಿನ ಅಂತರ: ಐದೂವರೆ ಅಡಿ, ಅಂದರೆ 1676 ಮಿಲಿಮೀಟರ್. 1870ರ ದಶಕದಲ್ಲಿ ಖರ್ಚು ಉಳಿಸಲು ಸರ್ಕಾರ ಮೀಟರ್ ಗೇಜ್ ತಂದಿತು. ಮೈಸೂರು ಸಂಸ್ಥಾನದ ಹಳಿಗಳೂ, ಪುಣೆಯಿಂದ ಬೆಳಗಾವಿ, ಹುಬ್ಬಳ್ಳಿಯ ಕಡೆಗೆ ಹೋದ ಹಳಿಯೂ ಮೀಟರ್ ಗೇಜ್ ಆದವು.

1956ರ ನವೆಂಬರ್ 1ರಂದು ಬೆಳಗಾವಿ, ಧಾರವಾಡ, ಬಿಜಾಪುರ ಮುಂಬೈ ರಾಜ್ಯದಿಂದ ಮೈಸೂರಿಗೆ ಸೇರಿದವು. 1960ರ ಮೇ 1ರಂದು ಗುಜರಾತ್ ಬೇರೆಯಾಯಿತು. ಒಂದೇ ಒಂದು ಸ್ಲೀಪರ್ ಜರುಗದೆ ಎರಡೂ ದಿಕ್ಕಿನ ಮಾರ್ಗಗಳು ಗಡಿ ದಾಟುವ ಮಾರ್ಗಗಳಾದವು. ಪ್ರಯಾಣಿಕರನ್ನು ಕಾಡಿದ್ದು ಆ ಗಡಿಯಲ್ಲ, ಗೇಜಿನ ಗಡಿ. ಪುಣೆ–ಮಿರಜ್ ಹಳಿ 1970ರ ದಶಕದ ಆರಂಭದಲ್ಲಿ ಅಗಲವಾದರೂ ಮಿರಜ್‌ನಿಂದ ದಕ್ಷಿಣಕ್ಕೆ 1990ರ ದಶಕದವರೆಗೂ ಮೀಟರ್ ಗೇಜೇ ಇತ್ತು. ಠಾಣೆ, ಡೊಂಬಿವಲಿಯ ಕನ್ನಡದ ಮನೆಗಳಲ್ಲಿ ಮಿರಜ್ ಎಂದರೆ ನಿದ್ದೆಗಣ್ಣಿನಲ್ಲಿ ಮಕ್ಕಳನ್ನೂ ಟ್ರಂಕನ್ನೂ ಇಳಿಸಿಕೊಂಡು ಇನ್ನೊಂದು ಗಾಡಿಗೆ ಓಡುವ ಊರು.

ಜಪಾನಿನ ಹಳೆಯ ಹಳಿಗಳೂ ಕಿರಿದೇ, 1067 ಮಿಲಿಮೀಟರ್. ಅದರ ಮೇಲೆ ವೇಗದ ಗಾಡಿ ಓಡಿಸುವ ಸರ್ಕಸ್ಸಿಗೆ ಹೋಗದೆ ಅವರು ಟೋಕಿಯೊ–ಒಸಾಕಾ ನಡುವೆ 1435 ಮಿಲಿಮೀಟರಿನ ಹೊಸ ಮಾರ್ಗವನ್ನೇ ಹಾಕಿ 1964ರ ಅಕ್ಟೋಬರ್ 1ರಂದು ತೆರೆದರು. ನಾವು ಹಳೆಯ ಹಳಿಗೆ ಹೊಸ ಗಾಡಿ ತಂದೆವು. 2024ರ ಸೆಪ್ಟೆಂಬರಿನಲ್ಲಿ ಶುರುವಾದ ಹುಬ್ಬಳ್ಳಿ–ಪುಣೆ ವಂದೇ ಭಾರತ್ ಗಂಟೆಗೆ 160 ಕಿಲೋಮೀಟರ್ ಓಡಬಲ್ಲ ಗಾಡಿ. ಸುಮಾರು 560 ಕಿಲೋಮೀಟರಿಗೆ ಅದಕ್ಕೆ ಸಿಕ್ಕಿದ ವೇಳೆ ಎಂಟೂವರೆ ಗಂಟೆ. ಗಾಡಿಯನ್ನು ದೂರಿ ಏನು ಫಲ?

ಮುಂಬೈ–ಅಹಮದಾಬಾದ್ ಮಾರ್ಗದಲ್ಲಿ ಜಪಾನಿನ ಪಾಠವನ್ನು ಪೂರ್ತಿ ಒಪ್ಪಿಕೊಳ್ಳಲಾಯಿತು. 2017ರ ಸೆಪ್ಟೆಂಬರ್ 14ರಂದು ಶಂಕುಸ್ಥಾಪನೆಯಾದ ಈ ಮಾರ್ಗ 508 ಕಿಲೋಮೀಟರ್ ಉದ್ದ. ಮಹಾರಾಷ್ಟ್ರದಲ್ಲಿ 156, ಗುಜರಾತಿನಲ್ಲಿ 348, ನಡುವೆ ದಾದ್ರಾ ನಗರ ಹವೇಲಿಯಲ್ಲಿ ನಾಲ್ಕೇ ನಾಲ್ಕು. ಗೇಜು 1435. ಬಾಂದ್ರಾ–ಕುರ್ಲಾದಿಂದ ಶೀಳಫಾಟಾವರೆಗೆ 21 ಕಿಲೋಮೀಟರ್ ಸುರಂಗ, ಅದರಲ್ಲಿ ಏಳು ಕಿಲೋಮೀಟರ್ ಠಾಣೆಯ ಖಾಡಿಯ ಕೆಳಗೆ. ವೇಗದ ಗಾಡಿ ಸುರಂಗಕ್ಕೆ ನುಗ್ಗಿದಾಗ ಮುಂದಿನ ಗಾಳಿ ಒತ್ತರಿಸಿಕೊಂಡು ಅಲೆಯಾಗುತ್ತದೆ. ಒಳಗಿದ್ದವರ ಕಿವಿ ಗುಂಯ್ ಎನ್ನುತ್ತದೆ, ಆಚೆ ಬಾಯಲ್ಲಿ ಸಿಡಿದಂಥ ಸದ್ದಾಗುತ್ತದೆ. ಜಪಾನಿನ ಇ5 ಗಾಡಿಯ ಮೂಗು 15 ಮೀಟರ್ ಉದ್ದವಿರುವುದು ಅದಕ್ಕೇ. ಬೋಗಿಗಳೂ ಗಾಳಿಯಾಡದಂತೆ ಬಿಗಿಯಾಗಿರಬೇಕು.

ಮೊದಲಿನ ಯೋಜನೆಯಲ್ಲಿದ್ದದ್ದು ಆ ಇ5. ಈಗ ಜಪಾನಿನಿಂದ ಬರಬೇಕಾಗಿರುವುದು ಮುಂದಿನ ಪೀಳಿಗೆಯ ಇ10, ಅದೂ 2030ರ ದಶಕದ ಆರಂಭಕ್ಕೆ. ನಡುವಿನ ಕಾಲಕ್ಕೆಂದು 2024ರ ಅಕ್ಟೋಬರಿನಲ್ಲಿ ಚೆನ್ನೈನ ಐಸಿಎಫ್, ಬೆಂಗಳೂರಿನ ಬಿಇಎಂಎಲ್‌ಗೆ ಎಂಟೆಂಟು ಬೋಗಿಗಳ ಎರಡು ಗಾಡಿಗಳನ್ನು ವಿನ್ಯಾಸ ಮಾಡಿ ಕಟ್ಟಿಕೊಡುವ ಕೆಲಸ ಒಪ್ಪಿಸಿತು. ವಿನ್ಯಾಸದ ವೇಗ ಗಂಟೆಗೆ 280 ಕಿಲೋಮೀಟರ್. ಬಿಇಎಂಎಲ್ ಹುಟ್ಟಿದ್ದು ಶಿಂಕಾನ್ಸೆನ್ ಓಡಿದ 1964ರಲ್ಲೇ, ಎಚ್‌ಎಎಲ್‌ನ ರೈಲು ಬೋಗಿ ಘಟಕವನ್ನು ಬಳುವಳಿಯಾಗಿ ಪಡೆದು.

ಈ ಗುತ್ತಿಗೆಯ ಲೆಕ್ಕವನ್ನು ಸ್ವಲ್ಪ ನಿಂತು ನೋಡಬೇಕು. ಒಟ್ಟು 866.87 ಕೋಟಿ ರೂಪಾಯಿ. ಒಂದು ಬೋಗಿಗೆ 27.86 ಕೋಟಿ, ಹದಿನಾರಕ್ಕೆ ಸುಮಾರು 446 ಕೋಟಿ. ಉಳಿದ 421 ಕೋಟಿ ವಿನ್ಯಾಸಕ್ಕೆ, ಅಚ್ಚು ಮತ್ತು ಉಪಕರಣಗಳಿಗೆ, ಪರೀಕ್ಷೆಯ ವ್ಯವಸ್ಥೆಗೆ. ಹೆಚ್ಚುಕಡಿಮೆ ಅರ್ಧ ಹಣ ಕಲಿಕೆಯದು. ಎರಡೇ ಗಾಡಿಗೆ ಇದು ದುಬಾರಿ, ಇಪ್ಪತ್ತು ಗಾಡಿ ಕಟ್ಟಿದರೆ ಅಗ್ಗ. ಇ10 ಬಂದಮೇಲೂ ಬೆಂಗಳೂರಿಗೆ ಕೆಲಸ ಸಿಗುತ್ತದೆಯೇ ಎನ್ನುವುದು ನನ್ನ ಮಟ್ಟಿಗೆ ವೇಗಕ್ಕಿಂತ ದೊಡ್ಡ ಪ್ರಶ್ನೆ.

ಇನ್ನು ನೌಪಾಡಾದವರ ಪಾಡು. ಈ ಮಾರ್ಗದ ‘ಠಾಣೆ’ ನಿಲ್ದಾಣ ಇರುವುದು ಖಾಡಿಯ ಆಚೆ, ದಿವಾ ಹತ್ತಿರದ ಮ್ಹಾತಾರ್ಡಿಯಲ್ಲಿ. 1853ರ ಠಾಣೆಯಿಂದ ಲೋಕಲ್ ಹಿಡಿದು ಹೋಗಿ ಅಲ್ಲಿ ಗಾಡಿ ಬದಲಿಸಬೇಕು. ಬೆಂಗಳೂರಿನಲ್ಲಿ ಕಟ್ಟುವ ಗಾಡಿಗೂ ಗೇಜಿನ ಕಾಟ ತಪ್ಪಿದ್ದಲ್ಲ. ಕಾರ್ಖಾನೆಯ ಗೇಟಿನಾಚೆಯ ಬ್ರಾಡ್ ಗೇಜ್ ಹಳಿಯ ಮೇಲೆ ಅದರ ಗಾಲಿ ಕೂರುವುದಿಲ್ಲ. ಮೆಟ್ರೊ ಬೋಗಿಗಳು ಉದ್ದನೆಯ ಟ್ರೇಲರ್ ಏರಿ ರಸ್ತೆಯಲ್ಲಿ ಸಾಗುವುದನ್ನು ಬೆಂಗಳೂರಿನವರು ನೋಡಿದ್ದಾರೆ. ಗುಜರಾತಿನ ಆ ಹೊಸ ಹಳಿಯನ್ನು ಮುಟ್ಟುವವರೆಗೆ ಇದೂ ಇನ್ನೊಂದು ವಾಹನದ ಬೆನ್ನೇರಿಯೇ ಗಡಿ ದಾಟಬೇಕು.