ಮಣ್ಣೆತ್ತು ಮಾಡುವ ಕೈ: ಬಯಲುಸೀಮೆಯ ಮಕ್ಕಳ ಕಲಿಕೆಯ ಒಂದು ಅಲಿಖಿತ ಚರಿತ್ರೆ

ಮದರಾಸು ಪ್ರಾಂತದ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ತನ್ನ ಆಡಳಿತದ ಜಿಲ್ಲೆಗಳಲ್ಲಿದ್ದ ದೇಶೀ ಶಾಲೆಗಳ ಲೆಕ್ಕವನ್ನು ಕೇಳಿದಾಗ, ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ಮರುವರ್ಷದ ಆಗಸ್ಟ್ 17ರಂದು ವಿವರವಾದ ವರದಿಯೊಂದನ್ನು ಕಳುಹಿಸಿದನು. ಅದರ ಪ್ರಕಾರ ಆ ಜಿಲ್ಲೆಯಲ್ಲಿ 533 ಶಾಲೆಗಳಿದ್ದವು. ಅವುಗಳಲ್ಲಿ 235 ಕನ್ನಡದವು, 226 ತೆಲುಗಿನವು. ಕಲಿಯುತ್ತಿದ್ದ ಮಕ್ಕಳು 6,641. ಅವರಲ್ಲಿ ಹೆಣ್ಣುಮಕ್ಕಳು 60. ಜಿಲ್ಲೆಯ ಜನಸಂಖ್ಯೆ 9,27,857. ಕೂಲಿಮಠಗಳ ಇತಿಹಾಸವನ್ನು ಬರೆದವರೆಲ್ಲರೂ ಈ ಅಂಕಿಗಳನ್ನು ಒಂದಲ್ಲ ಒಂದು ಬಗೆಯಲ್ಲಿ ಬಳಸಿದ್ದಾರೆ. ಧರ್ಮಪಾಲರು 1983ರಲ್ಲಿ ಈ ದಾಖಲೆಗಳನ್ನು ಒಟ್ಟಾಗಿ ಪ್ರಕಟಿಸಿದ ಮೇಲಂತೂ, ವಸಾಹತುಪೂರ್ವ ಶಿಕ್ಷಣವು ಸಮೃದ್ಧವಾಗಿತ್ತೇ ಇಲ್ಲವೇ ಎಂಬ ವಾದಕ್ಕೆ ಇವೇ ಆಧಾರವಾದವು. ಆದರೆ ವಾದದ ಎರಡೂ ಪಕ್ಷಗಳು ಎಣಿಸಿದ್ದು ಸಾವಿರಕ್ಕೆ ಏಳು ಮಂದಿಯನ್ನು. ಆ ಲೆಕ್ಕದಿಂದ ಹೊರಗುಳಿದ ಮಕ್ಕಳು ಏನನ್ನು, ಯಾರಿಂದ, ಹೇಗೆ ಕಲಿತರು ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ.

ಇದಕ್ಕೆ ಕಡತಗಳಲ್ಲಿ ಉತ್ತರ ದೊರೆಯದು. ಹಬ್ಬದ ಪಂಚಾಂಗದಲ್ಲಿ ಸ್ವಲ್ಪಮಟ್ಟಿಗೆ ದೊರೆಯುತ್ತದೆ.

ಉತ್ತರ ಕರ್ನಾಟಕದ ಎರೆನಾಡಿನಲ್ಲಿ ವರ್ಷಕ್ಕೆ ಐದು ಬಾರಿ ಮಣ್ಣನ್ನು ಪೂಜಿಸುತ್ತಾರೆಂಬ ಮಾತು ರೂಢಿಯಲ್ಲಿದೆ: ಮಣ್ಣೆತ್ತು, ಗುಳ್ಳವ್ವ, ನಾಗಪ್ಪ, ಗಣಪ್ಪ, ಜೋಕುಮಾರ. ಇವುಗಳಲ್ಲಿ ಗಣಪ್ಪ, ಜೋಕುಮಾರರನ್ನು ಮಾಡುವವರು ಬಹುಮಟ್ಟಿಗೆ ಕಸುಬುದಾರರು. ಮೊದಲಿನ ಎರಡು ಮಾತ್ರ ಮಕ್ಕಳ ಕೈಗೆ ಒಪ್ಪಿಸಿದವು. ಜ್ಯೇಷ್ಠದ ಅಮಾವಾಸ್ಯೆಯ ಮಣ್ಣೆತ್ತು ಹುಡುಗರದು. ಆಷಾಢದ ಮಂಗಳವಾರಗಳ ಗುಳ್ಳವ್ವ ಹುಡುಗಿಯರದು. ಮಣ್ಣೆತ್ತಿನ ಅಮಾವಾಸ್ಯೆಗೆ ಹದಿನೈದು ದಿನ ಮುಂಚೆ ಕಾರಹುಣ್ಣಿಮೆ. ಅಂದು ಜೀವಂತ ಎತ್ತುಗಳ ಮೈತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಕರಿ ಹರಿಯುವುದನ್ನು ಮಗು ಕಣ್ಣಾರೆ ಕಂಡಿರುತ್ತದೆ. ಪಕ್ಷ ಕಳೆದ ಮೇಲೆ ಅದೇ ಎತ್ತನ್ನು ನೆನಪಿನಿಂದ ಮಣ್ಣಿನಲ್ಲಿ ತರಬೇಕು. ಇಣಿ ಎಲ್ಲಿ ಏಳುತ್ತದೆ, ಕೊಂಬು ಯಾವ ಕಡೆಗೆ ಬಾಗುತ್ತದೆ, ಗಂಗೆದೊಗಲು ಎಷ್ಟು ಇಳಿಬೀಳುತ್ತದೆ ಎಂಬುದು ಅಲ್ಲಿ ಪರೀಕ್ಷೆಗೊಳಗಾಗುತ್ತದೆ. ಒಳ್ಳೆಯ ಎತ್ತಿನ ಲಕ್ಷಣವನ್ನು ಸಂತೆಯಲ್ಲಿ ಗುರುತಿಸಬೇಕಾದ ಒಕ್ಕಲಮಗನಿಗೆ ಇದಕ್ಕಿಂತ ಮೊದಲಿನ ಪಾಠ ಇನ್ನೊಂದಿಲ್ಲ.

ಕೆಲಸದ ಹಂಚಿಕೆಯನ್ನು ಗಮನಿಸಿದರೆ ಇನ್ನೂ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ಕ್ಷೇತ್ರಕಾರ್ಯದ ಸಂದರ್ಭದಲ್ಲಿ ಗದಗ ಜಿಲ್ಲೆಯ ಹಳ್ಳಿಯೊಂದರಲ್ಲಿ ನಾನು ಕಂಡಂತೆ, ಹಳ್ಳದ ದಂಡೆಯಿಂದ ಎರೆಮಣ್ಣು ತರುವುದು, ಹರಳು ಆರಿಸುವುದು, ನೀರು ಹನಿಸಿ ನಾದುವುದು ನಡುವಯಸ್ಸಿನ ಹುಡುಗರ ಪಾಲಿಗೆ. ಮೈ, ಕಾಲುಗಳನ್ನು ಮಾಡುವವನು ಎಲ್ಲರಿಗಿಂತ ದೊಡ್ಡವನು. ಕೊನೆಗೆ ಕಣ್ಣಿನ ಜಾಗದಲ್ಲಿ ಕಾಳು ಒತ್ತುವ ಕೆಲಸ ನಾಲ್ಕೈದು ವರ್ಷದ ಕೂಸಿನದು. ಅಂದರೆ ಎಲ್ಲಕ್ಕಿಂತ ಚಿಕ್ಕವನ ಪಾಲಿಗೆ ಬಂದಿರುವುದು ಎಲ್ಲಕ್ಕಿಂತ ಹಗುರಾದ, ಆದರೆ ಎತ್ತಿಗೆ ಜೀವ ಬರಿಸುವ ಕೆಲಸ. ಕಣ್ಣಿಗೆ ಜೋಳದ ಕಾಳೂ ಆದೀತು, ಗುಲಗಂಜಿಯೂ ಆದೀತು. ಗುಲಗಂಜಿಯನ್ನು ಕೊಡುವಾಗ ಮಾತ್ರ ಅಜ್ಜಿ ಅದನ್ನು ಬಾಯಿಗೆ ಹಾಕಬಾರದೆಂದು ಗದರಿಸಿಯೇ ಕೊಡುತ್ತಾಳೆ. ಅಕ್ಕಸಾಲಿಗನು ಚಿನ್ನ ತೂಗಲು ಬಳಸುತ್ತಿದ್ದ ಈ ಬೀಜವು ವಿಷವೆಂಬ ತಿಳಿವಳಿಕೆಯೂ ಹೀಗೆ ಎತ್ತಿನ ಕಣ್ಣಿನ ಮೂಲಕವೇ ಮಗುವಿಗೆ ದಾಟುತ್ತದೆ.

ಎರೆಮಣ್ಣು ನೀರುಂಡು ಉಬ್ಬುವ, ಆರಿದಂತೆ ಕುಗ್ಗಿ ಬಿರಿಯುವ ಮಣ್ಣು. ನೀರು ಹೆಚ್ಚಾದರೆ ಕಾಲು ಕುಸಿಯುತ್ತದೆ. ಬಿಸಿಲಿಗೆ ಇಟ್ಟರೆ ಬೆನ್ನು ಸೀಳುತ್ತದೆ. ನೆರಳಿನಲ್ಲಿ ನಿಧಾನವಾಗಿ ಆರಬೇಕು. ಇದನ್ನು ಯಾರೂ ಮಾತಿನಲ್ಲಿ ಹೇಳಿಕೊಡುವುದಿಲ್ಲ. ಕೇಳಿದರೆ ನಗುತ್ತಾರೆ. ಹಿಂದಿನ ವರ್ಷ ಒಡೆದ ಎತ್ತೇ ಈ ವರ್ಷದ ಪಾಠ. ಮುಂಗಾರಿನಲ್ಲಿ ಹೊಲಕ್ಕೆ ಯಾವ ಹದದಲ್ಲಿ ಕಾಲಿಡಬೇಕೆಂಬ ರೈತನ ಅರಿವೂ ಇದೇ ಮಣ್ಣಿನ ಅರಿವಾಗಿದೆ ಎಂಬುದನ್ನು ಮರೆಯುವಂತಿಲ್ಲ.

ಇಲ್ಲಿ ಕ್ಯಾಂಪ್‌ಬೆಲ್‌ನ ವರದಿಗೆ ಮರಳಬಹುದು. ದೇಶೀ ಶಾಲೆಗಳಲ್ಲಿ ಆತನು ಮೆಚ್ಚಿಕೊಂಡ ಒಂದು ಅಂಶವೆಂದರೆ, ಮುಂದುವರಿದ ವಿದ್ಯಾರ್ಥಿಗಳು ಹಿಂದಿನವರಿಗೆ ಕಲಿಸುವ ಪದ್ಧತಿ. ಇಂಗ್ಲೆಂಡು ಇದನ್ನು ಅನುಕರಿಸಿದ್ದು ಯೋಗ್ಯವೇ ಆಗಿದೆ ಎಂದು ಆತನು ಬರೆದನು. ಈ ಪದ್ಧತಿಯನ್ನು ಮಠದಯ್ಯನೇ ಕಂಡುಹಿಡಿದನೆಂದು ಭಾವಿಸಬೇಕಾಗಿಲ್ಲ. ಅಣ್ಣನು ಮೈ ಮಾಡಿ, ತಮ್ಮನು ಕಣ್ಣಿಡುವ ಹಳ್ಳದ ದಂಡೆಯಲ್ಲಿಯೂ ಅದೇ ಕ್ರಮವಿದೆ. ಮನೆ, ಹೊಲ, ಹಟ್ಟಿಗಳ ಕಲಿಕೆಯ ರೀತಿಯೇ ಕೂಲಿಮಠದ ಒಳಗೂ ಬಂದಿರಬೇಕೆಂದು ನನ್ನ ಊಹೆ. ಇದಕ್ಕೆ ಲಿಖಿತ ಪ್ರಮಾಣವನ್ನು ಒದಗಿಸಲಾರೆ.

ಆದರೆ ಅದೇ ವರದಿಯಲ್ಲಿ ನಮ್ಮ ಉತ್ಸಾಹವನ್ನು ತಡೆಯುವ ಮಾತೂ ಇದೆ. ಇಂಗ್ಲೆಂಡಿನ ಬಟ್ಟೆಯಿಂದ ನೇಕಾರಿಕೆ ಕುಸಿದು ಬಡತನ ಹೆಚ್ಚಿತೆಂದೂ, ಎಳೆಯ ಕೈಕಾಲುಗಳಿಗೆ ಅಲ್ಪಸ್ವಲ್ಪ ಶಕ್ತಿ ಬಂದೊಡನೆಯೇ ತಂದೆತಾಯಿಗಳು ಮಕ್ಕಳನ್ನು ದುಡಿಮೆಗೆ ಹಚ್ಚಬೇಕಾಗಿದೆಯೆಂದೂ ಆತನು ದಾಖಲಿಸಿದ್ದಾನೆ. ಜಾನಪದ ಅಧ್ಯಯನಕಾರರಾದ ನಾವು 'ಆಟದ ಮೂಲಕ ಕಲಿಕೆ' ಎಂದು ಸಂಭ್ರಮಿಸುವಾಗ ಈ ವಾಕ್ಯವನ್ನು ದಾಟಿ ಹೋಗುತ್ತೇವೆ. ಒಕ್ಕಲಿಗರ ಹುಡುಗನಿಗೆ ಮಣ್ಣೆತ್ತು ಒಂದು ದಿನದ ಆಟ. ಕುಂಬಾರರ ಹುಡುಗನಿಗೆ ಅದೇ ಮಣ್ಣು ವಾರಗಟ್ಟಲೆಯ ಕೆಲಸ. ಅವನ ಎತ್ತು ಮಾರಾಟಕ್ಕೆ. ಒಂದೇ ಊರಿನಲ್ಲಿ, ಒಂದೇ ಮಣ್ಣಿನಲ್ಲಿ ಒಬ್ಬನದು ಆಸಕ್ತಿ, ಇನ್ನೊಬ್ಬನದು ಜಾತಿ ಹೊರಿಸಿದ ಕಸುಬು. ಗುಳ್ಳವ್ವನ ಹುಡುಗಿಯರ ವಿಷಯವೂ ಸರಳವಲ್ಲ. ಬುತ್ತಿ ಕಟ್ಟಿಕೊಂಡು ಊರ ಹೊರಗೆ ಹೋಗಿ ಉಣ್ಣುವ ಆ ಸಂತೋಷದೊಳಗೆ ಮುಂದಿನ ಅಡುಗೆಮನೆಯ ತಾಲೀಮೂ ಸೇರಿದೆ. ವರದಿಯ 60 ಹೆಣ್ಣುಮಕ್ಕಳ ಎದುರಿಗೆ ಇದನ್ನಿಟ್ಟು ನೋಡಬೇಕು. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಂದ ತಿದ್ದುಪಡಿಯು 14 ವರ್ಷದೊಳಗಿನವರ ದುಡಿಮೆಯನ್ನು ನಿಷೇಧಿಸುತ್ತಲೇ, ಶಾಲೆಯ ವೇಳೆಯ ಆಚೆಗೆ ಕುಟುಂಬದ ಕೆಲಸಕ್ಕೆ ನೆರವಾಗುವುದಕ್ಕೆ ವಿನಾಯಿತಿ ನೀಡಿದಾಗ ಎದ್ದ ಚರ್ಚೆಯ ಬೇರು ಇಲ್ಲಿಯೇ ಇದೆ.

ಈಚಿನ ವರ್ಷಗಳಲ್ಲಿ ಅಮಾವಾಸ್ಯೆಯ ಹಿಂದಿನ ದಿನ ಪೇಟೆಗಳಲ್ಲಿ ಜೋಡಿ ಎತ್ತು ಮತ್ತು ಗೋದಲಿಗಳು ಬಣ್ಣ ಬಳಿದು ಸಿದ್ಧವಾಗಿ ದೊರೆಯುತ್ತವೆ. ಅಚ್ಚಿನಲ್ಲಿ ಒತ್ತಿದವೂ ಇವೆ. ಹೊಲದ ಎತ್ತುಗಳ ಜಾಗಕ್ಕೆ ಟ್ರ್ಯಾಕ್ಟರು ಬಂದ ಮೇಲೆ, ನೋಡಿ ಮಾಡಲು ಮಗುವಿನ ಮುಂದೆ ಎತ್ತೂ ಇಲ್ಲದ ಮನೆಗಳು ಬಹಳ. ಮೇಲೆ ಹೇಳಿದ ಹಳ್ಳಿಯಲ್ಲಿ ಒಂದು ಮನೆಯವರು ಪೇಟೆಯಿಂದ ಜೋಡಿ ತಂದಿದ್ದರು. ಆ ಮನೆಯ ಅಜ್ಜಿ ಅವುಗಳನ್ನು ಜಗಲಿಯ ಮೇಲಿಟ್ಟು, ಅಚ್ಚಿನಲ್ಲಿಯೇ ಮೂಡಿದ್ದ ಕಣ್ಣುಗಳನ್ನು ಹೆಬ್ಬೆರಳಿನ ಉಗುರಿನಿಂದ ಕೆರೆದು ತೆಗೆದಳು. ಅನಂತರ ಮೊಮ್ಮಗನನ್ನು ಕರೆದು, ಅವನ ಅಂಗೈಗೆ ನಾಲ್ಕು ಜೋಳದ ಕಾಳು ಹಾಕಿದಳು.