ಶಾನುಭೋಗರ ದಫ್ತರದಿಂದ ‘ಭೂಮಿ’ಯವರೆಗೆ

ಜಮೀನು ಯಾರದು, ಎಷ್ಟು ಎಕರೆ, ಅದರಲ್ಲಿ ಬೆಳೆದದ್ದು ಏನು ಎಂಬ ಲೆಕ್ಕ ಕರ್ನಾಟಕದ ಹಳ್ಳಿಗಳಲ್ಲಿ ಬಹುಕಾಲ ವಂಶಪಾರಂಪರ್ಯವಾಗಿ ಬಂದ ಲೆಕ್ಕಿಗರ ಕೈಯಲ್ಲಿತ್ತು. ಹಳೆ ಮೈಸೂರಿನಲ್ಲಿ ಅವರು ಶಾನುಭೋಗರು, ಮುಂಬೈ ಪ್ರಾಂತದ ಕನ್ನಡ ಸೀಮೆಯಲ್ಲಿ ಕುಲಕರ್ಣಿಗಳು. ಅಕ್ಷರ ಬಲ್ಲವರು ವಿರಳವಾಗಿದ್ದ ಕಾಲದಲ್ಲಿ ದಫ್ತರ ಇಟ್ಟುಕೊಂಡವರ ಮಾತೇ ಬಹುಮಟ್ಟಿಗೆ ದಾಖಲೆಯಾಗಿತ್ತು.

1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ ಈ ಪರಂಪರೆಯನ್ನು ಕೊನೆಗೊಳಿಸಿತು. ಸರ್ಕಾರಿ ಸಂಬಳದ ಗ್ರಾಮ ಲೆಕ್ಕಿಗರು ಬಂದರು. 1964ರ ಭೂಕಂದಾಯ ಕಾಯ್ದೆ ಹಕ್ಕುದಾಖಲೆಗೆ ಏಕರೂಪದ ಚೌಕಟ್ಟು ಕೊಟ್ಟಿತು. ಆದರೂ ಜಮೀನಿನ ಹಕ್ಕು, ಬೆಳೆಗಳ ವಿವರವಿರುವ ಪಹಣಿ ಕೈಬರಹದಲ್ಲೇ ಉಳಿಯಿತು. ಸುಮಾರು 9,000 ಗ್ರಾಮ ಲೆಕ್ಕಿಗರ ವಶದಲ್ಲಿದ್ದ ಪುಸ್ತಕಗಳನ್ನು ರೈತರು ಸುಲಭವಾಗಿ ನೋಡುವಂತಿರಲಿಲ್ಲ. ಬೆಳೆಸಾಲಕ್ಕೆ ಒಂದು ನಕಲು ಬೇಕಾದರೂ ಲೆಕ್ಕಿಗರು ಸಿಗುವವರೆಗೆ ಕಾಯಬೇಕು, ಕೈ ಬೆಚ್ಚಗೆ ಮಾಡಬೇಕು. ಹೆಸರು ತಿದ್ದುವ, ಖಾತೆ ಬದಲಿಸುವ ಅಕ್ರಮಗಳಿಗೂ ಅಲ್ಲಿ ಅವಕಾಶವಿತ್ತು.

ಈ ಸ್ಥಿತಿ ಬದಲಾದದ್ದು ‘ಭೂಮಿ’ ಯೋಜನೆಯಿಂದ. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ತಂತ್ರಾಂಶ ರೂಪಿಸಿತು. ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ದಾಖಲೆಗಳು ಕಂಪ್ಯೂಟರಿಗೆ ಏರಿದವು. ತಾಲ್ಲೂಕು ಕಚೇರಿಗಳಲ್ಲಿ ಕಿಯಾಸ್ಕ್‌ಗಳು ತೆರೆದವು, 15 ರೂಪಾಯಿಗೆ ಪಹಣಿ ಸಿಗತೊಡಗಿತು. ಗಣಕೀಕರಣ ಮುಗಿದ ತಾಲ್ಲೂಕುಗಳಲ್ಲಿ ಕೈಬರಹದ ಪ್ರತಿಗೆ ಮಾನ್ಯತೆ ರದ್ದಾಯಿತು. ಸಿಬ್ಬಂದಿ ಬೆರಳಚ್ಚು ಕೊಟ್ಟೇ ವ್ಯವಸ್ಥೆಯೊಳಗೆ ಹೋಗಬೇಕಾದ್ದರಿಂದ ಯಾವ ಬದಲಾವಣೆ ಯಾರದೆಂಬುದು ದಾಖಲಾಗುತ್ತಿತ್ತು. ಖಾತೆ ಬದಲಾವಣೆಯ ಅರ್ಜಿಗಳನ್ನು ಸರದಿಯ ಪ್ರಕಾರವೇ ವಿಲೇವಾರಿ ಮಾಡಬೇಕಿತ್ತು.

ಒಂದೇ ಹಾಳೆಯ ಈ ಪಹಣಿಯನ್ನು ರೈತರು ಕಾಲಂ ಸಂಖ್ಯೆಯಿಂದಲೇ ಗುರುತಿಸುತ್ತಾರೆ. 9ನೇ ಕಾಲಂನಲ್ಲಿ ಖಾತೆದಾರರ ಹೆಸರು ಮತ್ತು ವಿಸ್ತೀರ್ಣ, 11ರಲ್ಲಿ ಇತರ ಹಕ್ಕುಗಳು ಹಾಗೂ ಬ್ಯಾಂಕ್ ಸಾಲದ ಋಣ, 12ರಲ್ಲಿ ಸಾಗುವಳಿ ಮತ್ತು ಬೆಳೆ. ಸಾಲ ತೀರಿದ ಮೇಲೂ 11ರಲ್ಲಿ ಋಣದ ನಮೂದು ಉಳಿದಿದ್ದರೆ ಜಮೀನು ಮಾರುವುದಕ್ಕೂ ಹೊಸ ಸಾಲಕ್ಕೂ ತೊಡಕು.

ಲಾಭದ ಜೊತೆಗೆ ಕೊರತೆಗಳೂ ಇದ್ದವು. ಊರಲ್ಲೇ ಆಗುತ್ತಿದ್ದ ಕೆಲಸಕ್ಕೆ ತಾಲ್ಲೂಕು ಕೇಂದ್ರಕ್ಕೆ ಹೋಗಬೇಕಾಯಿತು. ದೂರದ ಹಳ್ಳಿಯ ಕೂಲಿಕಾರರಿಗೆ ಒಂದು ದಿನದ ದುಡಿಮೆ ಹೋಯಿತು. ನಾಡಕಚೇರಿಗಳ ಅಟಲ್‌ಜೀ ಜನಸ್ನೇಹಿ ಕೇಂದ್ರಗಳು ಹಾಗೂ ಆಮೇಲೆ ಬಂದ ಆನ್‌ಲೈನ್ ಪಹಣಿ ಈ ಅಲೆದಾಟವನ್ನು ತಗ್ಗಿಸಿದವು. ದಾಖಲೆ ಸುಲಭವಾಗಿ ಸಿಗತೊಡಗಿದ್ದು ಬೆಂಗಳೂರಿನ ಸುತ್ತಮುತ್ತ ದೊಡ್ಡ ಖರೀದಿದಾರರಿಗೇ ಹೆಚ್ಚು ಅನುಕೂಲವಾಯಿತೆಂಬ ಆಕ್ಷೇಪವನ್ನೂ ಕೆಲವು ಸಂಶೋಧಕರು ಎತ್ತಿದ್ದಾರೆ.

ಹಳೆಯ ಪುಸ್ತಕದ ತಪ್ಪುಗಳೂ ಕಂಪ್ಯೂಟರಿಗೆ ಬಂದವು. ಹೆಸರಿನಲ್ಲಿ ಒಂದಕ್ಷರ ಹೆಚ್ಚುಕಡಿಮೆಯಾದರೆ ಪಹಣಿಗೂ ಆಧಾರ್‌ಗೂ ತಾಳೆಯಾಗುವುದಿಲ್ಲ. ತಾತ ತೀರಿಕೊಂಡು ದಶಕಗಳಾದರೂ ಪೌತಿ ಖಾತೆ (ಮೃತರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾವಣೆ) ಆಗದ ಜಮೀನಿನಲ್ಲಿ ಮೊಮ್ಮಕ್ಕಳು ಉಳುತ್ತಿರುತ್ತಾರೆ. ಬೆಳೆ ಅವರದು, ದಾಖಲೆಯಲ್ಲಿ ಹೆಸರು ತಾತನದು. ಇಂಥವರಿಗೆ ಸಾಲವಾಗಲಿ ಪರಿಹಾರವಾಗಲಿ ದಕ್ಕುವುದು ಕಷ್ಟ.

ಒಬ್ಬರ ಹಿಡಿತದಲ್ಲಿದ್ದ ದಾಖಲೆಯನ್ನು ಎಲ್ಲರೂ ನೋಡುವಂತೆ ಮಾಡಿದ್ದು ‘ಭೂಮಿ’ಯ ನಿಜವಾದ ಸಾಧನೆ. ಆ ದಾಖಲೆ ಸರಿಯಾಗಿರಬೇಕಾದರೆ ಸ್ಥಳಪರಿಶೀಲನೆ, ಅಳತೆ ಮತ್ತು ಸಕಾಲದ ತಿದ್ದುಪಡಿ ಇಂದಿಗೂ ಅಗತ್ಯ. ಆ ಕೆಲಸವನ್ನು ಕಂಪ್ಯೂಟರ್ ಮಾಡಿಕೊಡುವುದಿಲ್ಲ.