ಇಲ್ಲ ಎನ್ನುವ ಉತ್ತರದ ಚರಿತ್ರೆ: ಜಾಲಸೇವೆಗಳ ದೋಷಸಂದೇಶ ಮತ್ತು ನೀಲಗಿರಿಯ ಇ-ಪಾಸ್

ಮದ್ರಾಸ್ ಹೈಕೋರ್ಟು 2024ರ ಏಪ್ರಿಲ್‌ನಲ್ಲಿ ನೀಡಿದ ಆದೇಶದಂತೆ ಅದೇ ವರ್ಷದ ಮೇ 7ರಿಂದ ಊಟಿಗೆ ಹೋಗುವ ಪ್ರವಾಸಿ ವಾಹನಗಳಿಗೆ ಇ-ಪಾಸ್ ಕಡ್ಡಾಯವಾಯಿತು. ಮೈಸೂರು, ಗುಂಡ್ಲುಪೇಟೆಗಳ ಕಡೆಯಿಂದ ಬಂಡೀಪುರ ದಾಟಿ, ಕಕ್ಕನಹಳ್ಳದ ಚೆಕ್‌ಪೋಸ್ಟ್ ಮೂಲಕ ಮಸಿನಗುಡಿಗೋ ಗೂಡಲೂರಿಗೋ ಇಳಿಯುವವರು ತಮಿಳುನಾಡು ಇ-ಆಡಳಿತ ಸಂಸ್ಥೆಯ ಜಾಲತಾಣದಲ್ಲಿ ಮೊದಲೇ ವಿವರ ತುಂಬಬೇಕಾಯಿತು. ಆ ಮೊದಲ ಬೇಸಿಗೆಯಲ್ಲಿ ವಾಹನಗಳ ಸಂಖ್ಯೆಗೆ ಮಿತಿಯಿರಲಿಲ್ಲ. 2025ರ ಏಪ್ರಿಲ್ 1ರಿಂದ ಮಾತ್ರ ನೀಲಗಿರಿಗೆ ವಾರದ ದಿನಗಳಲ್ಲಿ 6,000, ವಾರಾಂತ್ಯಗಳಲ್ಲಿ 8,000 ವಾಹನಗಳೆಂಬ ಮಿತಿ ಬಂದಿತು. ಇದರಿಂದ ನಿರಾಕರಣೆಯ ಸ್ವರೂಪವೇ ಬದಲಾಯಿತೆನ್ನಬೇಕು: ಅರ್ಜಿಯಲ್ಲಿ ಒಂದು ಅಕ್ಷರವೂ ತಪ್ಪಿಲ್ಲದಿದ್ದರೂ ಪಾಸ್ ಸಿಗದಿರುವ ಸಂದರ್ಭ ಹುಟ್ಟಿಕೊಂಡಿತು. ಇಂಥ ಉತ್ತರವನ್ನು ಸರ್ವರ್ ಬ್ರೌಸರಿಗೆ ಹೇಗೆ ತಿಳಿಸಬೇಕು ಎಂಬ ಪ್ರಶ್ನೆಗೆ ಅರ್ಧ ಶತಮಾನದ ಹಿನ್ನೆಲೆಯಿದೆ.

ಕಡತ ಸಾಗಣೆಯ ಎಫ್‌ಟಿಪಿ ನಿಯಮಾವಳಿಗೆ ಜಾನ್ ಪೋಸ್ಟೆಲ್ 1974ರಲ್ಲಿ ಪರಿಷ್ಕರಿಸಿದ ಉತ್ತರಸಂಕೇತಗಳಲ್ಲಿ ಮೂರಂಕಿಯ ಸಂಖ್ಯೆ ಯಂತ್ರಕ್ಕೆ, ಅದರ ಪಕ್ಕದ ವಾಕ್ಯ ಮನುಷ್ಯನಿಗೆ ಎಂಬ ವಿಭಜನೆಯಿತ್ತು. ಮೊದಲ ಅಂಕಿ ನೋಡಿದರೆ ಸಾಕು, ಕೆಲಸ ಆಯಿತೋ, ಮತ್ತೆ ಯತ್ನಿಸಬಹುದೋ, ಯತ್ನಿಸಿ ಫಲವಿಲ್ಲವೋ ಎಂಬುದು ತಿಳಿಯುತ್ತಿತ್ತು. ಜಾಲಪುಟಗಳನ್ನು ತರಿಸುವ ನಿಯಮಾವಳಿಯಾದ ಎಚ್‌ಟಿಟಿಪಿಯ 1991ರ ಮೊದಲ ಆವೃತ್ತಿಯಲ್ಲಿ ಈ ಸೌಕರ್ಯವೂ ಇರಲಿಲ್ಲ. ಅಲ್ಲಿ ದೋಷವೂ ಒಂದು ಪುಟವಾಗಿಯೇ ಬರುತ್ತಿದ್ದು, ಓದಿ ನೋಡದ ಹೊರತು ಅದನ್ನು ಸರಿಯಾದ ಉತ್ತರದಿಂದ ಬೇರ್ಪಡಿಸುವ ದಾರಿಯಿರಲಿಲ್ಲ. 1996ರಲ್ಲಿ ದಾಖಲಾದ 1.0 ಆವೃತ್ತಿ ಮೂರಂಕಿಯ ಪದ್ಧತಿಯನ್ನು ಮುಂದುವರಿಸಿ, ಬಳಕೆದಾರನ ಕೋರಿಕೆಯ ತೊಂದರೆಗೆ 400ರ ಸಾಲನ್ನೂ ಸರ್ವರಿನ ತೊಂದರೆಗೆ 500ರ ಸಾಲನ್ನೂ ಮೀಸಲಿಟ್ಟಿತು. ಸಂಖ್ಯೆಯ ಜತೆಗಿದ್ದ ಚಿಕ್ಕ ವಾಕ್ಯ ಮಾತ್ರ ಕ್ರಮೇಣ ಅಲಂಕಾರವಾಯಿತು, 2015ರ ಎಚ್‌ಟಿಟಿಪಿ/2ರಲ್ಲಿ ಪೂರ್ತಿ ಮಾಯವಾಯಿತು. ಮನುಷ್ಯನಿಗೆ ಹೇಳಬೇಕಾದ ಮಾತಿಗೆ ಉಳಿದ ಜಾಗವೆಂದರೆ ಉತ್ತರದ ಒಡಲು.

ಆ ಒಡಲು ಕೂಡ ಓದುಗನಿಗೆ ತಲುಪುವುದು ಖಚಿತವಿರಲಿಲ್ಲ. 1999ರ ಇಂಟರ್ನೆಟ್ ಎಕ್ಸ್‌ಪ್ಲೋರರ್ 5, ಸರ್ವರ್ ಕಳುಹಿಸಿದ ದೋಷಪುಟ 512 ಬೈಟ್‌ಗಳಿಗಿಂತ ಚಿಕ್ಕದಾಗಿದ್ದರೆ ಅದನ್ನು ಪಕ್ಕಕ್ಕಿಟ್ಟು ತನ್ನದೇ ಸಿದ್ಧ ಪುಟವನ್ನು ತೋರಿಸುತ್ತಿತ್ತು. ತಮ್ಮ ಮಾತು ಉಳಿಯಲೆಂದು ಪುಟದ ಕೊನೆಗೆ ಅರ್ಥವಿಲ್ಲದ ಅಕ್ಷರಗಳನ್ನು ತುಂಬುವ ಕೆಲಸ ತಂತ್ರಜ್ಞರ ಪಾಲಿಗೆ ಬಂತು. ತಂತ್ರಾಂಶಗಳು ಜಾಲದ ಮೂಲಕ ಪರಸ್ಪರ ಸಂದೇಶ ಕಳುಹಿಸಲು ಬಂದ 2000ದ ಸೋಪ್ ನಿಯಮಾವಳಿ ದೋಷವಿವರವನ್ನು 500 ಎಂಬ ಸಂಕೇತದೊಡನೆಯೇ ಕಳುಹಿಸಬೇಕೆಂದು ವಿಧಿಸಿತು. ಆದರೆ ಬ್ರೌಸರಿನೊಳಗೆ ಓಡುತ್ತಿದ್ದ ಸಿಲ್ವರ್‌ಲೈಟ್‌ನಂಥ ಪೂರಕ ತಂತ್ರಾಂಶಗಳ ಆರಂಭದ ಆವೃತ್ತಿಗಳಿಗೆ 500 ಬಂದಾಗ ಒಳಗಿನ ವಿವರ ಸಿಗುತ್ತಿರಲಿಲ್ಲವಾದ್ದರಿಂದ, ವಿಫಲವಾದ ಕೆಲಸಕ್ಕೂ ಯಶಸ್ಸಿನ ಸಂಕೇತವಾದ 200ನ್ನು ಹಚ್ಚಿ ಕಳುಹಿಸುವುದೇ ಪರಿಹಾರವೆನಿಸಿತು. ಆ ರೂಢಿ ಇಂದಿಗೂ ಪೂರ್ತಿ ಅಳಿದಿಲ್ಲ. ನಡುವಿನ ಯಂತ್ರಗಳನ್ನೂ ದೋಷ ಎಣಿಸುವ ಉಸ್ತುವಾರಿ ವ್ಯವಸ್ಥೆಗಳನ್ನೂ ಅದು ಸುಮ್ಮನೆ ದಾರಿ ತಪ್ಪಿಸುತ್ತದೆ. ಮುಂದೆ, ಒಂದು ತಾಣದ ಪುಟ ಇನ್ನೊಂದು ತಾಣದ ಸೇವೆಯನ್ನು ಕೇಳಲು ಅವಕಾಶ ಕೊಡುವ, 2014ರಲ್ಲಿ ಶಿಫಾರಸಾದ ಕೋರ್ಸ್ ನಿಯಮದಿಂದಲೂ ಅಂಥದೇ ತೊಡಕಾಯಿತು: ಯಶಸ್ವೀ ಉತ್ತರಕ್ಕೆ ಅನುಮತಿಯ ತಲೆಸಾಲನ್ನು ಹಚ್ಚಿ ದೋಷದ ಉತ್ತರಕ್ಕೆ ಹಚ್ಚಲು ಮರೆತರೆ, ಬ್ರೌಸರ್ ಅದನ್ನು ಪುಟದ ಸ್ಕ್ರಿಪ್ಟ್‌ನಿಂದ ಮರೆಮಾಡಿ ಬರಿಯ ಸಂಪರ್ಕದೋಷವೆಂಬಂತೆ ಒಪ್ಪಿಸುತ್ತದೆ. ಸಿಗ್ನಲ್ ನೆಚ್ಚಿಕೊಳ್ಳಲಾಗದ ಬಂಡೀಪುರದ ಹಾದಿಯಲ್ಲಿ ಇದು ಸಣ್ಣ ಲೋಪವಲ್ಲ. ಉತ್ತರವೇ ಬರಲಿಲ್ಲವೆಂಬುದಕ್ಕೂ ಇಲ್ಲವೆಂಬ ಉತ್ತರ ಬಂದಿತೆಂಬುದಕ್ಕೂ ವ್ಯತ್ಯಾಸ ಕಾಣದವನು ಮುಂದೆ ಹೋಗುವುದೋ ಹಿಂದಿರುಗುವುದೋ ಎಂದು ತೀರ್ಮಾನಿಸಲಾರ; ರಾತ್ರಿ 9ಕ್ಕೆ ಆ ಕಾಡಿನ ರಸ್ತೆ ಮುಚ್ಚುತ್ತದೆಂಬುದನ್ನೂ ಅವನು ಲೆಕ್ಕ ಹಾಕಬೇಕು.

ದಿನದ ಮಿತಿ ಮುಗಿದುದಕ್ಕೆ ಯಾವ ಸಂಖ್ಯೆ ಸಲ್ಲುತ್ತದೆ? 400 ಎಂದರೆ ಕೋರಿಕೆಯ ರಚನೆಯೇ ಕೆಟ್ಟಿದೆ ಎಂದಾಗುತ್ತದೆ. 2012ರಲ್ಲಿ ಸೇರಿದ 429 ಒಬ್ಬನೇ ಪದೇ ಪದೇ ಕೇಳಿದಾಗ ಹೇಳುವ ಮಾತು; ಸಾವಿರಾರು ಜನ ತಲಾ ಒಮ್ಮೆ ಕೇಳಿದ್ದಕ್ಕೆ ಅದು ಹೊಂದದು. ಕೋರಿಕೆ ಸದ್ಯದ ಸ್ಥಿತಿಯೊಡನೆ ಹೊಂದುತ್ತಿಲ್ಲವೆನ್ನುವ 409 ಹತ್ತಿರದ್ದು, ಆದರೂ ಬೇರೆ ಯಾವ ದಿನ ಕೇಳಬಹುದೆಂಬುದನ್ನು ಅದು ತಾನಾಗಿ ಹೇಳುವುದಿಲ್ಲ.

ಈ ಕೊರತೆಗೆ ಮಾರ್ಕ್ ನಾಟಿಂಗ್‌ಹ್ಯಾಮ್ ಮತ್ತು ಎರಿಕ್ ವಿಲ್ಡ್ 2016ರಲ್ಲಿ ರೂಪಿಸಿದ, 2023ರಲ್ಲಿ ಆರ್‌ಎಫ್‌ಸಿ 9457 ಎಂಬ ಇಂಟರ್ನೆಟ್ ಮಾನಕ ದಾಖಲೆಯಾಗಿ ಪರಿಷ್ಕೃತವಾದ ದೋಷವಿವರದ ಮಾದರಿ ಉತ್ತರ ಕೊಡುತ್ತದೆ. ದೋಷದ ಬಗೆಯನ್ನು ಗುರುತಿಸುವ ವಿಳಾಸ, ಚಿಕ್ಕ ಶೀರ್ಷಿಕೆ, ಸಂಕೇತಸಂಖ್ಯೆ, ಈ ಪ್ರಸಂಗದ ವಿವರಣೆ, ಈ ಪ್ರಸಂಗದ ಗುರುತು ಎಂಬ ಐದು ಅಂಶಗಳನ್ನು ಹೇಳಿ, ಸೇವೆ ತನಗೆ ಬೇಕಾದುದನ್ನು ಸೇರಿಸಿಕೊಳ್ಳಲು ಅದು ಬಿಡುತ್ತದೆ. ಮಿತಿ ಮುಗಿದ ದಿನಾಂಕವನ್ನೂ ಪಾಸ್ ಉಳಿದಿರುವ ಮುಂದಿನ ದಿನಾಂಕವನ್ನೂ ಬೇರೆಬೇರೆಯಾಗಿ ಕೊಡಬಹುದು. ವಿವರಣೆ ಸರ್ವರಿನ ಒಳಗುಟ್ಟು ಬಿಚ್ಚುವುದಕ್ಕಲ್ಲ, ಕೇಳಿದವನು ತೊಂದರೆ ಸರಿಪಡಿಸಿಕೊಳ್ಳಲು ನೆರವಾಗುವುದಕ್ಕೆ ಎಂಬುದು ಅದರ ಸ್ಪಷ್ಟ ಸೂಚನೆ. ಬ್ರೌಸರ್ ಪ್ರತಿ ಕೋರಿಕೆಯೊಡನೆಯೂ ಬಳಕೆದಾರನು ಬಯಸುವ ಭಾಷೆಯನ್ನು ತಿಳಿಸುವುದರಿಂದ, ಶೀರ್ಷಿಕೆ ಮತ್ತು ವಿವರಣೆಗಳನ್ನು ಚಾಮರಾಜನಗರದ ಚಾಲಕನಿಗೆ ಕನ್ನಡದಲ್ಲಿ, ಕೊಯಮತ್ತೂರಿನವನಿಗೆ ತಮಿಳಿನಲ್ಲಿ ಕಳುಹಿಸಲು ಈ ಮಾದರಿಯಲ್ಲಿ ಅಡ್ಡಿಯಿಲ್ಲ; ಬಗೆಯ ವಿಳಾಸ ಮತ್ತು ಸಂಖ್ಯೆ ಇಬ್ಬರಿಗೂ ಒಂದೇ ಆಗಿರುತ್ತವೆ.